ಕಾಡಿಗೆ ಬರೆದ ಹುಣಸೆತೋಪು

೧

ಇದನ್ನು ಎಲ್ಲಿಂದ ಶುರುಮಾಡಬೇಕೋ ತಿಳಿಯುತ್ತಿಲ್ಲ. ಮೊದಲ ಡ್ರಾಫ್ಟ್ ಕಾಡಿನ ವರ್ಣನೆಯಿಂದ ಶುರುವಾಗಿತ್ತು. ಮೂರು ಪುಟ ಬರೀ ಬಿದಿರಮೆಳೆಯೇ ಆಯಿತು, ಮನುಷ್ಯರು ಬರಲೇ ಇಲ್ಲ. ಹರಿದುಹಾಕಿದೆ. ಎರಡನೆಯದು ‘ಐವತ್ತಾರನೇ ಇಸವಿಯ ಸುಡುಬೇಸಿಗೆ’ ಎಂದು ಶುರುವಾಗಿತ್ತು. ಓದಿಸಿ ಕೇಳಿದ ಕಥಾನಾಯಕಿ ಮಲ್ಲಾಜಮ್ಮ, “ಬ್ಯಾಸ್ಗೆ ಗೊತ್ತು ಕಣಪ್ಪ, ಇಸ್ಯಕ್ಕೆ ಬಾ” ಅಂದಳು.

ಬಂದೆ.

೨

ಮಲ್ಲಾಜಮ್ಮ ಗುಂಡ್ಲುಪೇಟೆಯಾಚೆ, ಕಾಡಂಚಿನ ಹಳ್ಳಿಯ ವಿಧವೆ. ಅವಳ ಗಂಡ ಬದುಕಿದ್ದಾಗ ಕಾಡಿನ ಕಟ್ಟೆಯ ನೀರನ್ನು ತನ್ನ ಅರಿಸಿನದ ಹೊಲಕ್ಕೆ ತಿರುಗಿಸಿಕೊಂಡಿದ್ದ. ಆ ಬೇಸಿಗೆಯಲ್ಲಿ ನೀರು ಹುಡುಕಿಕೊಂಡು ಬಂದ ಒಂಬತ್ತು ಜಿಂಕೆಗಳು ಅವರ ಬಾವಿಗೆ ಬಿದ್ದು ಸತ್ತವು. ಹಗ್ಗ ಹಾಕಿಸಿ ಒಂದೊಂದನ್ನೇ ಮೇಲೆತ್ತಿಸಿದವಳು ಇವಳು. ಗಂಡ ತೀರಿಕೊಂಡ ಮೇಲೆ ಕಾಡಂಚಿಗೆ ಒಂದು ಕಲ್ಲಿನ ತೊಟ್ಟಿ ಹಾಕಿಸಿದಳು.

(ಇಲ್ಲಿ ‘ಪಾಪಪ್ರಜ್ಞೆ’ ಅಂತ ಬರೆದಿದ್ದೆ. ಹೊಡೆದುಹಾಕಿಸಿದಳು. ಹೊಟ್ಟೆ ಉರಿಯಿತು ಅಂತ ಬರಿ ಸಾಕು ಅಂದಳು.)

೩

ತಾನು ಹೋದ ಮೇಲೂ ಆ ತೊಟ್ಟಿ ಬತ್ತಬಾರದು. ಮಕ್ಕಳಿಲ್ಲ, ಮೈದುನನನ್ನು ನಂಬುವ ಹಾಗಿಲ್ಲ. ಅದಕ್ಕೇ ತವರಿನಿಂದ ಬಂದ ಹುಣಸೆತೋಪನ್ನು ಮಠಕ್ಕೆ ದತ್ತಿ ಕೊಡುವುದೆಂದು ಗಟ್ಟಿಮಾಡಿದಳು. ಮರ ಕಡಿಯಕೂಡದು, ವರ್ಷವರ್ಷದ ಹಣ್ಣು ಮಾರಿ, ಬಂದದ್ದರಲ್ಲಿ ಬೇಸಿಗೆಯುದ್ದಕ್ಕೂ ತೊಟ್ಟಿ ತುಂಬಿಸಬೇಕು. (ಈಗಿನವರು ಇದಕ್ಕೆ ಎಂಡೋಮೆಂಟ್ ಎಂದು ಹೆಸರಿಟ್ಟು, ಎ.ಸಿ. ಹಾಲಿನಲ್ಲಿ ಸೆಮಿನಾರ್ ಮಾಡುತ್ತಾರೆ.)

ಮೈದುನನ ಕಿವಿಗೆ ಬೀಳದಿರಲೆಂದು ಬಸ್ಸು ಹತ್ತಿ ಚಾಮರಾಜನಗರಕ್ಕೇ ಹೋಗಿ, ಪತ್ರ ಬರೆಯುವ ನೀಲಕಂಠಸ್ವಾಮಿಯ ಮುಂದೆ ಕೂತಳು. ಯಾರೂ, ಕೊನೆಗೆ ತಾನೂ ಸಹ, ಒಂದಕ್ಷರ ತಿದ್ದಲಾಗದ ಹಾಗೆ ಬರೆಯಿರಿ ಎಂದು ಮೂರು ಸಲ ಹೇಳಿದಳು.

ಬೇಸಿಗೆ, ನೀರು, ಮಠ, ದತ್ತಿ. ಮೂವತ್ತು ವರ್ಷದಿಂದ ಈ ನಾಲ್ಕೂ ಸೇರಿದಾಗಲೆಲ್ಲ ನೀಲಕಂಠಸ್ವಾಮಿ ಬರೆದದ್ದು ಒಂದೇ ಪತ್ರ. ಮೃಗಗಳಿಗೆ ಯಾರು ತಾನೇ ದತ್ತಿ ಬರೆಸಿದ್ದರು? ಅವಳ ಮಾತು ಅರ್ಧ ಕೇಳಿ, ಹಳೆಯ ಮಾದರಿ ನೋಡಿಕೊಂಡು, ದಾರಿಹೋಕರಿಗೆ ನೀರುಮಜ್ಜಿಗೆ ಕೊಡುವ ಅರವಟ್ಟಿಗೆಗೆ ಎಂದು ಬರೆದುಬಿಟ್ಟರು. ಓದಿ ಹೇಳಲಿಲ್ಲವೇ ಅಂತೀರಾ? ಓದಿದರು. ‘ಆಚಂದ್ರಾರ್ಕ’ ಅನ್ನುವ ಮಾತು ಬಂದ ಕೂಡಲೇ ಇವಳು ಕೈಮುಗಿದು, ಅಷ್ಟು ಸಾಕು ಎಂದು ಹೆಬ್ಬೆಟ್ಟು ಒತ್ತಿದಳು.

೪

ಮುಂದಿನ ಬೇಸಿಗೆಗೆ ಗುಂಡ್ಲುಪೇಟೆಯ ಬಸ್ಸು ನಿಲ್ಲುವಲ್ಲಿ ಮಠದ ಅರವಟ್ಟಿಗೆಯ ಚಪ್ಪರ ಎದ್ದಿತು. ಊಟಿಗೆ ಹೋಗುವವರು ಮಜ್ಜಿಗೆ ಕುಡಿದು, ಅವಳ ಗಂಡನ ಹೆಸರಿನ ಬೋರ್ಡು ಓದಿ, ಪುಣ್ಯಾತ್ಮ ಅಂದರು. ತೊಟ್ಟಿಯಲ್ಲಿ ತರಗೆಲೆ ಬಿದ್ದಿತ್ತು.

ಮಲ್ಲಾಜಮ್ಮ ಮತ್ತೆ ಚಾಮರಾಜನಗರಕ್ಕೆ ಓಡಿದಳು. ನೀಲಕಂಠಸ್ವಾಮಿ ಪತ್ರ ಮೂರು ಸಲ ಓದಿಕೊಂಡು ತಲೆ ಕೆರೆದುಕೊಂಡರು. “ತಪ್ಪು ನಂದೇ ಕಣವ್ವ. ಆದ್ರೆ ತಿದ್ದೋಕಾಗಲ್ಲ. ಯಾರೂ ತಿದ್ದಬಾರ್ದು ಅಂತ ನೀನೇ ಬರೆಸಿದ್ದೀಯ.”

ಎಂಥಾ ಕರ್ಮ! ಬರೆಯುತ್ತಿರುವ ನನಗೇ ತಲೆ ಚಚ್ಚಿಕೊಳ್ಳುವ ಹಾಗಾಯಿತು.

೫

ಮುಕ್ತಾಯ ಒಂದು: ಮಠದ ಸ್ವಾಮಿಗಳ ಕನಸಿನಲ್ಲಿ ಜಿಂಕೆ ಬರುತ್ತದೆ. (ನಾಚಿಕೆಯಾಗಿ ಬಿಟ್ಟೆ.)

ಮುಕ್ತಾಯ ಎರಡು: ಕೋರ್ಟು, ಹನ್ನೊಂದು ವರ್ಷ, ಜಯ.

“ಅಲ್ಲೀಗಂಟ ಜಿಂಕೆ ನಿನ್ನ ಕಾಗ್ದ ನೆಕ್ಕೊಂಡಿರ್ಬೇಕಾ?” ಅಂದಳು.

ಮೂರನೆಯದಕ್ಕೆ ಯೋಚಿಸುತ್ತಿದ್ದ ಹಾಗೇ ಅವಳು ಎದ್ದು ಹೋಗಿದ್ದಳು. ಹೋದದ್ದು ತೋಪಿನ ಹಣ್ಣು ಕೊಳ್ಳುವ ವ್ಯಾಪಾರಿ ಲಿಯಾಕತ್ ಅಲಿಯ ಮನೆಗೆ. ಅವನ ಎತ್ತಿನಗಾಡಿ ಕೇಳಿ, ಮೇಲೆ ಎರಡು ಪೀಪಾಯಿ ಹೇರಿಸಿ, ಅರವಟ್ಟಿಗೆಯ ಮುಂದೆ ತಂದು ನಿಲ್ಲಿಸಿದಳು. ನೀರು ಕೊಡುವ ಮರಿಯಯ್ಯ ಪೀಪಾಯಿ ನೋಡಿ ಬೆಪ್ಪಾದ.

“ಬಾಯಾರ್ದೋರ್ಗೆ ಅಂತ ಕೇಳುದ್ರೆ ಇಲ್ಲ ಅನ್ನಂಗುಂಟಾ ಮರಿಯಯ್ಯ?”

“ಇಲ್ಲ ಕಣವ್ವ. ಇಷ್ಟೊಂದು ಯಾರ್ಗೆ?”

“ಅವು ಇಲ್ಲೀಗಂಟ ಬರಕಾಗಕಿಲ್ಲ.”

ಅರವಟ್ಟಿಗೆಯಲ್ಲಿ ಇಲ್ಲ ಅನ್ನುವ ಪದ್ಧತಿಯಿಲ್ಲ. ಮರಿಯಯ್ಯ ಗೊಣಗುತ್ತಲೇ ಪಕ್ಕದ ಬಾವಿಗೆ ಬಿಂದಿಗೆ ಇಳಿಬಿಟ್ಟ.

೬

ಗಾಡಿ ಕಾಡಿನ ದಾರಿ ಹಿಡಿಯಿತು. ಒಳ್ಳೆಯ ಜಾಗ, ಇಲ್ಲಿಗೇ ಮುಗಿಸೋಣವೆಂದು ಪೆನ್ನಿಗೆ ಕ್ಯಾಪ್ ಹಾಕಿದೆ. ಮಲ್ಲಾಜಮ್ಮ ಗಾಡಿಯಿಂದಲೇ ತಿರುಗಿ ಗದರಿದಳು.

“ಮುಗಿಸ್ಬುಟ್ಟು ನೀನು ಓಯ್ತೀಯ. ನಾನೂ ಓಯ್ತೀನಿ. ಆಮ್ಯಾಕೆ ನೀರು ಹುಯ್ಯೋರ್ಯಾರು? ಬರೀತಿರು.”

ಕ್ಯಾಪ್ ತೆಗೆದಿದ್ದೇನೆ. ಮರುದಿನ ಬೆಳಿಗ್ಗೆ ಗಾಡಿ ಮತ್ತೆ ಅರವಟ್ಟಿಗೆಯ ಮುಂದೆ ನಿಂತಿತ್ತು. ಮರಿಯಯ್ಯ ಏನೂ ಕೇಳದೆ ಹಗ್ಗ ಕೈಗೆ ತೆಗೆದುಕೊಂಡು,