ಗೇಣುದ್ದದ ಕೋಲು

ಗುರುಶಾಂತ ಉಕ್ಕಿನ ಅಳತೆಪಟ್ಟಿಯನ್ನು ವಾದ್ಯದ ದಪ್ಪ ತಂತಿಯ ಕೆಳಗೆ ನಿಲ್ಲಿಸಿ ಬಗ್ಗಿ ನೋಡಿದ. ತಂತಿಗೂ ಕುತ್ತಿಗೆಯ ಪಟ್ಟಿಗೂ ನಡುವಿನ ಸಂದು ನಿನ್ನೆ ಸಂಜೆ ಹನ್ನೊಂದು ಮಿಲಿಮೀಟರ್ ಇದ್ದದ್ದು ಈಗ ಎಂಟಕ್ಕೆ ಇಳಿದಿತ್ತು. ಕರುಳಿನ ಹೊಸ ತಂತಿ, ಬಿಗಿದ ಮೊದಲ ದಿನ ಹೀಗೇ ಇರಬೇಕು ಎಂದುಕೊಂಡು, ನೋಟುಬುಕ್ಕಿನಲ್ಲಿ ತಾರೀಖಿನ ಮುಂದೆ ಎಂಟು ಎಂದು ಬರೆದ.

"ಇನ್ನೂ ಅಳಿಯೋದು ಮುಗಿವಲ್ದೇನು?" ಹೆಂಡತಿ ಪುಷ್ಪಲತಾ ಬಾಗಿಲಲ್ಲಿ ನಿಂತಿದ್ದಳು. "ಭಾವಾರು ಐದಕ್ಕ ಎದ್ದು ಗಡ್ಡ ಮಾಡ್ಕೊಂಡು ಕುಂತಾರ. ಇಸ್ತ್ರಿ ಅಂಗಿನ ಬೇಕಂತ. ಮದಿವಿ ಗಂಡು ಆಗ್ಯಾರ."

"ಬಂದೆ ತಡಿ."

"ಎರಡು ತಿಂಗಳಾತು ತಡದು. ನಿಮ್ಮ ಕಾಲೇಜಿನ್ಯಾಗ ಹುಡುಗ್ರು ಹೆಂಗ ಪಾಸಾಗ್ತಿದ್ರೋ."

ಅವನು ಕೊಟ್ಟೂರಿನ ಕಾಲೇಜಿನಲ್ಲಿ ಮೂವತ್ನಾಲ್ಕು ವರ್ಷ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡವನು. ಅವನ ಕಪಾಟಿನಲ್ಲಿ ಚೀಟಿ ಅಂಟಿಸದ ಒಂದು ಮೊಳೆಯೂ ಇರುತ್ತಿರಲಿಲ್ಲ.

ವಾದ್ಯ ಅಣ್ಣ ನಾಗಪ್ಪನದು. ನೋಡಲು ಪಿಟೀಲಿನಂತೆಯೇ, ಆದರೆ ನೆಲದ ಮೇಲೆ ನಿಲ್ಲಿಸಿ ನುಡಿಸುವಂಥದ್ದು. ಬಳ್ಳಾರಿ ದಂಡಿನ ಬ್ಯಾಂಡಿನವರು ಬಿಟ್ಟು ಹೋದದ್ದಂತೆ. ಆ ಜಾತಿಯಲ್ಲಿ ಇದು ಚಿಕ್ಕದು, ಗುರುಶಾಂತನ ಹಣೆಯ ಮಟ್ಟಕ್ಕೆ ಬರುತ್ತಿತ್ತು. ನಾಟಕ ಕಂಪನಿಯವರು ಮರಿಯಾನೆ ಎನ್ನುತ್ತಿದ್ದರು. ನಾಗಪ್ಪ ಹನ್ನೆರಡು ವರ್ಷ ಹಾರ್ಮೋನಿಯಂ ಪಕ್ಕದಲ್ಲಿ ನಿಂತು ಅದನ್ನು ನುಡಿಸಿದ್ದ. ರಾಜ ರಂಗಕ್ಕೆ ಬರುವ ಮುನ್ನ ಮೂರು ತಗ್ಗಿನ ಸ್ವರಗಳನ್ನು ಎಳೆದರೆ ಮುಂದಿನ ಸಾಲಿನ ಕುರ್ಚಿಗಳು ನಡುಗುತ್ತಿದ್ದವಂತೆ. ಕಂಪನಿ ಮುಚ್ಚಿದಾಗ ಅದನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಮನೆಗೆ ಬಂದ.

ಮರುವರ್ಷ ಹರಪನಹಳ್ಳಿಯಿಂದ ಹೆಣ್ಣಿನ ಕಡೆಯವರು ಗುರುಶಾಂತನ ಮನೆತನ ನೋಡಲು ಬರುವವರಿದ್ದರು. ನಾಟಕದವರ ಮನೆ ಎಂದುಕೊಂಡಾರು ಎಂದು ಆ ಬೆಳಿಗ್ಗೆ ಗುರುಶಾಂತನೇ ಮರಿಯಾನೆಯನ್ನು ದನದ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ. ನಾಗಪ್ಪ ಬಾವಿಯ ಹತ್ತಿರ ಹಲ್ಲುಜ್ಜುತ್ತ ನೋಡಿದ, ಬಾಯಿ ಮುಕ್ಕಳಿಸಿ ಉಗುಳಿದ. ಬಂದವರು ಒಪ್ಪಿದರು. ಮರಿಯಾನೆ ಕೆಳಗಿಳಿಯಲಿಲ್ಲ. ನಾಗಪ್ಪ ಎಣ್ಣೆ ಮಿಲ್ಲಿಗೆ ಸೇರಿ, ತಂಬಾಕು ಕಲಿತು, ಮದುವೆಯಾಗದೆ ಉಳಿದ. ಅಟ್ಟದ ಮಾತು ಅವರಿಬ್ಬರ ನಡುವೆ ಬರಲೇ ಇಲ್ಲ.

ಈ ವರ್ಷ ಕ್ಯಾನ್ಸರ್ ಎಂದು ಅವನ ನಾಲಿಗೆಯನ್ನು ಕತ್ತರಿಸಿ ತೆಗೆದರು. ಮತ್ತೆ ಕರೆತರುವುದು ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂದರು ಡಾಕ್ಟರು. ಮನೆಗೆ ಬಂದ ದಿನ ಕೈಗೆ ಸ್ಲೇಟು ಕೊಟ್ಟಾಗ ನಾಗಪ್ಪ ನೋವು ಎಂದು ಬರೆಯಲಿಲ್ಲ, ನೀರು ಎಂದೂ ಬರೆಯಲಿಲ್ಲ. "ಮರಿಯಾನೆ ಐತಾ?" ಎಂದು ಬರೆದ.

ಇಳಿಸಿದಾಗ ಕುತ್ತಿಗೆ ಕಳಚಿತ್ತು, ಪಕ್ಕದ ಹಲಗೆಯನ್ನು ಇಲಿ ತಿಂದಿತ್ತು. ಗುರುಶಾಂತ ಪ್ರತಿ ತುಂಡಿಗೂ ನಂಬರು ಬರೆದ, ಒಟ್ಟು ಮೂವತ್ತೊಂದು. ಚರ್ಮದ ಅಂಟು ಕಾಯಿಸಿ, ಒಂದೊಂದನ್ನೇ ಕೂಡಿಸಿ, ಹಗ್ಗ ಬಿಗಿದು ಒಣಗಿಸಿದ. ತಂತಿಗಾಗಿ ಮೈಲಾರಕ್ಕೆ ಹೋದ. ಅಲ್ಲಿ ಕುರಿ ಸಾಕುವ ಉಚ್ಚಂಗೆಪ್ಪ ಜೋಗತಿಯರು ನುಡಿಸುವ ಚೌಡಿಕೆಗೆ ಕುರಿಗರುಳಿನ ತಂತಿ ಹೊಸೆಯುತ್ತಿದ್ದ. ಬೇಕಾದ ದಪ್ಪ ಕೇಳಿ ಅವನು ನಕ್ಕಿದ್ದ: "ಇದಕ್ಕ ಕುರಿ ಸಾಲಂಗಿಲ್ರಿ ಸರ, ಕ್ವಾಣನ ಬೇಕು. ತಂತೀನೋ, ಎಮ್ಮಿ ಕಟ್ಟೋ ಹಗ್ಗಾನೋ?" ಆದರೂ ಹೊಸೆದು ಕೊಟ್ಟ. ಲಿಂಗ ಕಟ್ಟಿದ ಮನೆಯೊಳಗೆ ಕುರಿಯ ಕರುಳೇ ಎಂದು ಪುಷ್ಪಲತಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಹಿತ್ತಲಲ್ಲಿ ಒಣಹಾಕಿದ್ದ ತಂತಿಯ ಮೇಲೆ ಕೂತ ಕಾಗೆಯನ್ನು ಅವಳೇ ಓಡಿಸುತ್ತಿದ್ದಳು.

ನಂಬರು ಬೀಳದೆ ಉಳಿದದ್ದು ಒಂದೇ. ಮರಿಯಾನೆಯ ಡೊಳ್ಳುಹೊಟ್ಟೆಯೊಳಗೆ ಏನೋ ಉರುಳುತ್ತಿತ್ತು. ಅಲ್ಲಾಡಿಸಿ ಅಲ್ಲಾಡಿಸಿ ಮುಂದಿನ ಹಲಗೆಯ ಕಂಡಿಯಿಂದ ಹೊರಗೆ ತೆಗೆದರೆ ಒಂದು ಕೋಲು. ಗೇಣುದ್ದ, ಹೆಬ್ಬೆರಳು ದಪ್ಪ, ಎರಡೂ ತುದಿ ತುಸು ಓರೆ. ತುದಿಗಳಲ್ಲಿ ಅಂಟಿನ ಗುರುತಿರಲಿಲ್ಲ. ಅಂಟಿಲ್ಲದ್ದು ವಾದ್ಯದ ಭಾಗವಾಗಿರಲಾರದು. ಅದೂ ಅಲ್ಲದೆ, ಸಾವಿರಾರು ಹುಡುಗರಿಗೆ ಅವನು ಸೋನೋಮೀಟರ್ ಜೋಡಿಸಿ ಕೊಟ್ಟಿದ್ದ. ತಂತಿಯ ಕೆಳಗಿನ ಆ ಪೆಟ್ಟಿಗೆಯಲ್ಲಿ ಗಾಳಿಯ ಹೊರತು ಏನೂ ಇರುವುದಿಲ್ಲ. ಯಾರೋ ತುರುಕಿದ ಕಸ ಎಂದು ತೀರ್ಮಾನಿಸಿದ. ಆದರೆ ಕಟ್ಟಿಗೆ ಚೆನ್ನಾಗಿತ್ತು, ಎಸೆಯಲು ಮನಸ್ಸಾಗಲಿಲ್ಲ. ನಾಗಪ್ಪ ಮಲಗುವ ಕೋಣೆಗಿದ್ದದ್ದು ಹೊರಗೆತ್ತಿ ಕೋಲು ಕೊಟ್ಟು ನಿಲ್ಲಿಸುವ ಹಲಗೆಯ ಕಿಟಕಿ ಒಂದೇ. ಅದರ ಹಳೆಯ ಕೋಲನ್ನು ಗೆದ್ದಲು ತಿಂದಿತ್ತು. ಇದನ್ನು ಕೊಟ್ಟ, ಸರಿಯಾಗಿ ನಿಂತಿತು. ಅಂದು ನಾಗಪ್ಪ ಅದನ್ನೇ ದಿಟ್ಟಿಸಿ, ಬೆರಳು ತೋರಿಸಿ, ತಲೆಯಾಡಿಸಿದ್ದ. ಗಾಳಿ ಬಂದು ಹಿತವಾಗಿರಬೇಕು ಎಂದು ಗುರುಶಾಂತ ಖುಷಿಪಟ್ಟಿದ್ದ.

ಈಗ ಅವನು ಮರಿಯಾನೆಯನ್ನು ತಬ್ಬಿಕೊಂಡು ಆ ಕೋಣೆಗೆ ತಂದ. ನಾಗಪ್ಪ ಮಂಚದ ಅಂಚಿಗೆ ಸರಿದು ಕೂತ. ಮೂಗಿನ ನಳಿಕೆಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡ. ವಾದ್ಯದ ಭಾರ ತಡೆಯುವ ಶಕ್ತಿ ಅವನಲ್ಲಿರಲಿಲ್ಲ. ಗುರುಶಾಂತ ಹಿಂದಿನಿಂದ ಎದೆಗೊಟ್ಟು ಹಿಡಿದುಕೊಂಡ. ನಾಗಪ್ಪ ಕಮಾನನ್ನು ದಪ್ಪ ತಂತಿಯ ಮೇಲಿಟ್ಟ. ಮೊದಲ ಎಳೆತಕ್ಕೆ ಗುರುಶಾಂತನ ಪಕ್ಕೆಲುಬುಗಳು ಗುಂಯ್ಗುಟ್ಟಿದವು.

"ಯವ್ವಾ, ನೆಲಾನ ನಡುಗಿತಲ್ರಿ!" ಎಂದಳು ಪುಷ್ಪಲತಾ.

ನಾಗಪ್ಪ ನಗಲಿಲ್ಲ. ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟಿದ. ಇನ್ನೊಂದು ಕಡೆ ತಟ್ಟಿ ಕಿವಿಗೊಟ್ಟ. ಸ್ಲೇಟು ಎಳೆದುಕೊಂಡು ಬರೆದ: "ಕೋಲು ಎಲ್ಲಿ ನಿಲ್ಸಿದಿ?"

"ಯಾವ ಕೋಲಣ್ಣ?"

ನಾಗಪ್ಪ ಕಿಟಕಿಯತ್ತ ಬೆರಳು ತೋರಿಸಿದ. ಮತ್ತೆ ಬರೆದ: "ಹಳೇದು ಅಲ್ಲೈತಿ. ನೀ ಹೊಸಾದು ಮಾಡಿ ಒಳಗ ಇಟ್ಟೀ ಅಂದ್ಕೊಂಡಿದ್ದೆ."

ಗುರುಶಾಂತನಿಗೆ ನೋಟುಬುಕ್ಕಿನ ಅಂಕಿಗಳು ಕಣ್ಣಮುಂದೆ ಬಂದವು. ಹನ್ನೊಂದು, ಎಂಟು. ಜಗ್ಗಿದ್ದು ತಂತಿಯಲ್ಲ. ಮುಂದಿನ ಹಲಗೆಗೂ ಹಿಂದಿನದಕ್ಕೂ ನಡುವೆ ಅಂಟಿಲ್ಲದೆಯೇ ಬಿಗಿದು ನಿಲ್ಲಬೇಕಾದ ಆ ಕೋಲಿನ ಆಸರೆಯಿಲ್ಲದೆ ಹೊಟ್ಟೆಯ ಹಲಗೆಯೇ ಕುಸಿಯುತ್ತಿತ್ತು.

"ಅದು ಕಸ ಅಂತ ತಿಳಕೊಂಡೆ ಅಣ್ಣ. ತಡಿ, ತಂತಿ ಸಡ್ಲ ಮಾಡ್ತೀನಿ, ಇಲ್ಲಾಂದ್ರ ಒಡದ ಹೋಗತೈತಿ" ಎಂದು ಬಿರಡೆಗೆ ಕೈ ಹಾಕಿದ. ನಾಗಪ್ಪ ಅವನ ಮಣಿಕಟ್ಟು ಹಿಡಿದ. ಮೂಳೆಯಷ್ಟೇ ಉಳಿದಿದ್ದ ಕೈ, ಆದರೂ ಬಿಡಿಸಿಕೊಳ್ಳಲಾಗಲಿಲ್ಲ. ಇನ್ನೊಂದು ಕೈಯಿಂದ ಸ್ಲೇಟಿನ ಅಂಚಿನಲ್ಲಿ ಬರೆದ: "ಇರ್ಲಿ. ಹಿಡಿ."

ಗುರುಶಾಂತ ಹಿಡಿದ.

ನಾಗಪ್ಪ ರಾಜನನ್ನು ಕರೆಯುವ ಸ್ವರಗಳನ್ನು ಎಳೆದ. ಒಂದು. ಎರಡು. ಮೂರನೆಯದು ಇನ್ನೂ ನಡುವಿನಲ್ಲಿರುವಾಗ ಗುರುಶಾಂತನ ಎದೆಗೆ ಯಾರೋ ಒದ್ದಂತಾಯಿತು. ಹಲಗೆ ಕಂಡಿಯಿಂದ ಕೆಳ ಅಂಚಿನವರೆಗೆ ಸೀಳಿತು. ತಂತಿಗಳನ್ನು ಹೊತ್ತಿದ್ದ ಕುದುರೆ ಹಾರಿ ಮಂಚದ ಕೆಳಗೆ ಬಿತ್ತು. ಉಚ್ಚಂಗೆಪ್ಪನ ತಂತಿಗಳು ಜೋತುಬಿದ್ದವು.

"ಮತ್ತ ಅಂಟಿಸಿದ್ರಾತು ಬಿಡ್ರಿ" ಎಂದಳು ಪುಷ್ಪಲತಾ. "ಇನ್ನೆಷ್ಟು, ಎರಡು ತಿಂಗಳು..." ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ನಾಗಪ್ಪ ಸೀಳಿನ ಮೇಲೆ, ದನದ ಮೈ ಸವರುವಂತೆ ಅಂಗೈ ಆಡಿಸಿದ. ಆಮೇಲೆ ಆ ಅಂಗೈಯನ್ನು ತಮ್ಮನ ಕಡೆ ಚಾಚಿ, ಕಿಟಕಿಯತ್ತ ಕಣ್ಣು ತೋರಿಸಿದ.

ಗುರುಶಾಂತ ಮರಿಯಾನೆಯನ್ನು ಮಂಚಕ್ಕೆ ಒರಗಿಸಿ ಎದ್ದು ಹೋದ. ಹಲಗೆಯನ್ನು ಒಂದು ಕೈಯಿಂದ ಎತ್ತಿ ಹಿಡಿದು ಕೋಲನ್ನು ಬಿಡಿಸಿಕೊಂಡ. ಬಿಸಿಲಿಗೆ ಅದು ಬೆಚ್ಚಗಾಗಿತ್ತು. ಹಲಗೆ ಕೈ ಜಾರಿ ಮುಚ್ಚಿಕೊಂಡಿತು. ಕೋಣೆಯಲ್ಲಿ ಏನೂ ಕಾಣಿಸದಾಯಿತು. ಕೋಲು ಹಿಡಿದು ಅವನು ಕತ್ತಲಲ್ಲಿ ಮಂಚದ ಕಡೆ ಹೆಜ್ಜೆಯಿಟ್ಟ, ಚಾಚಿದ ಆ ಅಂಗೈಯನ್ನು ತಡಕಾಡುತ್ತ.