ದೀಪದ ಪಾಳಿ

ಸೊಸೆ ಬಸುರಿಯೆಂದು ಸುಂಕಮ್ಮನಿಗೆ ತಿಳಿಸಿದ್ದು ಸೊಸೆಯಲ್ಲ, ದೇವರ ಗೂಡಿನ ದೀಪ. ಆ ಮನೆಯಲ್ಲಿ ಸಂಜೆಯ ದೀಪ ಸೊಸೆ ಸಮತಾಳದು. ಅವಳು ಮುಟ್ಟಾದ ಮೂರು ದಿನ ಮಾತ್ರ ಅತ್ತೆಯದು. ಈಗ ಮೂರು ತಿಂಗಳಿಂದ ಸುಂಕಮ್ಮ ಬೆಂಕಿಪೊಟ್ಟಣ ಹಿಡಿದಿರಲಿಲ್ಲ.

“ಮುಚ್ಚಿಟ್ರ ಮುಚ್ಚತೈತೇನ?” ಎಂದು ಮುದುಕಿ ನಕ್ಕಳು. “ಈ ಸಲ ಗಂಡುಕೂಸ ಬಿಡು. ನಡಿ, ಆಸ್ಪತ್ರ್ಯಾಗ ತಾಯಿ ಕಾರ್ಡ್ ಮಾಡ್ಸಣ.”

ಸಮತಾ ಇಲ್ಲವೆನ್ನಲಿಲ್ಲ. ಎರಡು ಹೆಣ್ಣು ಹೆತ್ತು, ಎರಡನೆಯದಕ್ಕೆ ಹೊಟ್ಟೆ ಕೊಯ್ಯಿಸಿಕೊಂಡ ಮೇಲೆ ಇನ್ನೊಂದು ಹೆರುವ ಕಸುವು ಅವಳಲ್ಲಿ ಉಳಿದಿರಲಿಲ್ಲ. ಇನ್ನು ಮಕ್ಕಳಾಗದಂತೆ ಆಪರೇಷನ್ನಿನ ಮಾತೆತ್ತಿದರೆ ಗಂಡ ಭೀಮರಾಜ “ಅವ್ವನ್ನ ಕೇಳು” ಎನ್ನುತ್ತಿದ್ದ. ಅವ್ವ “ಗಂಡಾಗ್ಲಿ, ಆಮ್ಯಾಲೆ” ಎನ್ನುತ್ತಿದ್ದಳು. ಹಾಗಾಗಿ ಕೂಸಿಗೆ ಲಸಿಕೆ ಹಾಕಿಸಲು ಹೋದ ದಿನ ಅವಳು ಗುಟ್ಟಾಗಿ ಗರ್ಭ ತಡೆಯುವ ಸೂಜಿ ಹಾಕಿಸಿಕೊಂಡು ಬಂದಿದ್ದಳು. ಅದರಿಂದ ಮುಟ್ಟು ನಿಲ್ಲಬಹುದೆಂದು ನರ್ಸ್ ವಾಣಿಶ್ರೀ ಹೇಳಿಯೇ ಇದ್ದರು. ನಿಂತಾಗ ಸಮತಾಳಿಗೆ ಎಷ್ಟು ಹಗುರವಾಯಿತೆಂದರೆ, ಮುಟ್ಟಾದಂತೆ ನಟಿಸಬೇಕೆಂಬುದೇ ಮರೆತುಹೋಯಿತು.

ಮೂರು ತಿಂಗಳಿಗೊಂದು ಸೂಜಿ; ಈಗ ಮುಂದಿನದರ ವೇಳೆ ಬಂದಿತ್ತು. ಅತ್ತೆಯೇ ಆಸ್ಪತ್ರೆಗೆ ಎಳೆದೊಯ್ಯುವುದಾದರೆ ಒಂದು ನೆಪ ಹುಡುಕುವ ದಣಿವಾದರೂ ತಪ್ಪಿತು ಎಂದುಕೊಂಡು, ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಹೊರಟಳು. ದಾರಿಯಲ್ಲಿ ಸುಂಕಮ್ಮ ಬಸುರಿಯ ಬಯಕೆಗೆಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿದಳು.

“ಬಸ್ರಿ ಅಂತ ಕರ್ಕೊಂಡು ಬಂದಾರಾ?” ಆಸ್ಪತ್ರೆಯೊಳಗೆ ಸಮತಾಳ ಮಾತು ಕೇಳಿ ವಾಣಿಶ್ರೀ ಹಣೆ ಒತ್ತಿಕೊಂಡರು. “ಸೂಜಿ ಮುಗದಾವಮ್ಮ. ಯಾವಾಗ ಬರ್ತಾವೋ ಗೊತ್ತಿಲ್ಲ. ಹರಪನಹಳ್ಳಿ ದೊಡ್ಡಾಸ್ಪತ್ರಿಗೆ ಹೋಗು, ಇವತ್ತ ಹೋಗು. ತಡ ಮಾಡಿದ್ರ ನಿಮ್ಮತ್ತಿ ಮಾತು ನಿಜಾ ಆದೀತು.”

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಸುಂಕಮ್ಮ ಎದ್ದು ನಿಂತಳು. “ಎಷ್ಟ ತಿಂಗಳಾಗೈತಂತ?”

ಸ್ಕ್ಯಾನಿಂಗ್‌ಗೆ ಹರಪನಹಳ್ಳಿಗೆ ಹೋಗಬೇಕಂತೆ ಎಂಬ ಸುಳ್ಳು ಸಮತಾಳ ನಾಲಿಗೆಯ ತುದಿಯಲ್ಲಿತ್ತು. ಹಾಗೆಂದರೆ ಅತ್ತೆಯೂ ಬಸ್ಸು ಹತ್ತುತ್ತಾಳೆ. ಅಲ್ಲಿ ಇನ್ನೊಂದು ಸುಳ್ಳು ಬೇಕು. ಅಷ್ಟು ಸುಳ್ಳು ಹೇಳುವ ತ್ರಾಣ ಅವಳಲ್ಲಿರಲಿಲ್ಲ.

“ಬಸ್ರಿ ಅಲ್ಲತ್ತಿ. ಆಗಬಾರ್ದು ಅಂತ ಸೂಜಿ ಹಾಕಿಸ್ಕೊಂಡಿದ್ದೆ, ಅದಕ್ಕ ಮುಟ್ಟು ನಿಂತೈತಿ. ಇನ್ನೊಂದು ಹಾಕಿಸ್ಕೊಳ್ಳಾಕ ಹರಪನಹಳ್ಳಿಗೆ ಹೊಂಟೀನಿ.”

“ಭೀಮ್ಯಾಗ ಗೊತ್ತೈತೇನ?”

“ಇಲ್ರಿ.”

“ಓಣಿ ತುಂಬ ಹೇಳ್ಕೊಂಡು ತಿರುಗೀನಲ್ಲೇ! ನನ್ನ ಮುಖ ಎಲ್ಲಿಡ್ಲಿ?”

“ನನಗ ಕಸುವಿಲ್ಲತ್ತಿ.”

“ನನಗಿತ್ತೇನ? ಆರು ಹಡದೆ. ಯಾರ ಕೇಳಿದ್ರು?”

ಆಡಿದ ಮಾತನ್ನು ತಾನೇ ಮೊದಲ ಸಲ ಕೇಳಿಸಿಕೊಂಡವಳಂತೆ ಮುದುಕಿ ಕಟ್ಟೆಯ ಮೇಲೆ ಕುಸಿದಳು. ಬಹಳ ಹೊತ್ತು ಮಂಡಕ್ಕಿಯ ಪೊಟ್ಟಣದ ದಾರವನ್ನು ಬಿಚ್ಚಿದಳು, ಕಟ್ಟಿದಳು. ದೂರದಲ್ಲಿ ಹರಪನಹಳ್ಳಿ ಬಸ್ಸಿನ ಹಾರ್ನ್ ಕೇಳಿದಾಗ ಪೊಟ್ಟಣವನ್ನು ಸೊಸೆಯ ಕೈಗೆ ತುರುಕಿದಳು.

“ಹೋಗು. ಕೂಸುಗಳ್ನ ನಾ ನೋಡ್ಕೋತೀನಿ. ಸಂಜಿ ದೀಪಾನೂ ನಾನ ಹಚ್ತೀನಿ. ಭೀಮ್ಯಾ ಕೇಳಿದ್ರ, ನಾನ ತಪ್ಪು ತಿಳದಿದ್ದೆ, ಇವತ್ತ ಹೊರಗಾಗ್ಯಾಳ ಅಂತೀನಿ.” ಎರಡು ಹೆಜ್ಜೆ ಹೋಗಿ ತಿರುಗಿದಳು. “ಇನ್ನ ಮ್ಯಾಲೆ ತಿಂಗಳಾ ಮೂರು ದಿನ ದೀಪದ ಕಡಿ ಹೋಗಬ್ಯಾಡ. ಮತ್ತ ಮರತೀಯವ್ವ, ಹುಚ್ಚಿ.”

ಬಸ್ಸಿನಲ್ಲಿ ಸೀಟಿರಲಿಲ್ಲ. ಸಮತಾ ಕಂಬಕ್ಕೊರಗಿ, ಬಾರದ ಮುಟ್ಟಿಗೆ ತಿಂಗಳಿನ ಯಾವ ದಿನಗಳು ಅನುಕೂಲವೆಂದು ಯೋಚಿಸತೊಡಗಿದಳು. ಯೋಚನೆ ಮುಗಿಯುವ ಮೊದಲೇ ನಿಂತಲ್ಲೇ ತೂಕಡಿಕೆ ಬಂತು.