ಎಣ್ಣಿ ಹೊಡೆದ ದಿನ

ಮರೋಳದಲ್ಲಿ ಎಣ್ಣಿ ಹೊಡೆಯುವುದು ಎಂದರೆ ಎರಡು ಅರ್ಥ. ಒಂದು, ಬೆನ್ನಿಗೆ ಪಂಪು ಕಟ್ಟಿಕೊಂಡು ದಾಳಿಂಬೆ ಗಿಡಗಳಿಗೆ ಕೀಟನಾಶಕ ಸಿಂಪಡಿಸುವುದು. ಇನ್ನೊಂದು, ಬ್ರಾಂದಿ ಅಂಗಡಿಯ ಕಡೆ ಹೋಗಿ ಬರುವುದು. ಮಹಾಂತೇಶ ಮೊದಲನೆಯದನ್ನು ಹೊಟ್ಟೆಪಾಡಿಗೆ ಮಾಡುತ್ತಿದ್ದ. ಎರಡನೆಯದನ್ನು ಮಾಡುವುದಿಲ್ಲವೆಂದು ಹೆಂಡತಿ ಕಸ್ತೂರಿಯ ಮುಂದೆ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ್ದ. ಆದರೆ ಪಂಪು ಹೊತ್ತ ಕೆಲವು ದಿನ ಅವನು ಮನೆಗೆ ಬರುವ ಚಂದ ನೋಡಿದ ಯಾರೂ ಆ ಆಣೆಯನ್ನು ನಂಬುವಂತಿರಲಿಲ್ಲ. ಕಾಲುಗಳು ತಡವರಿಸುತ್ತಿದ್ದವು, ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಮಾತು ತೊದಲು. ಔಷಧದ ನಾತದಲ್ಲಿ ಬ್ರಾಂದಿಯ ವಾಸನೆ ಹುಡುಕುವುದಾದರೂ ಹೇಗೆ? ಜೊತೆಗೆ ಪಂಪು ಹೊಡೆದ ಯಮನಪ್ಪ ಮಾತ್ರ ನೆಟ್ಟಗೆ ನಡೆದು ತನ್ನ ಮನೆ ಸೇರುತ್ತಿದ್ದ. ಅದೇ ತೋಟ, ಅದೇ ಔಷಧ.

ಕಸ್ತೂರಿ ಯಾವುದನ್ನೂ 'ಯಾಕೆ' ಎಂದು ಕೇಳದೆ ಬಿಡುವ ಹೆಂಗಸಲ್ಲ. ಗಂಡನ ಮೇಲೂ ಅವಳದೊಂದು ಸಂಶೋಧನೆ ನಡೆದಿತ್ತು.

ಈ ಹಂಗಾಮಿನ ಮೊದಲ ಸಿಂಪಡಣೆಯ ಬೆಳಿಗ್ಗೆ ಅವಳೇ ಟವೆಲನ್ನು ನೀರಲ್ಲಿ ತೋಯಿಸಿ, ಅವನ ಕುತ್ತಿಗೆಯಿಂದ ಬೆನ್ನಿನ ತನಕ ಅಂಗಿಯೊಳಗೆ ಹರವಿ ಕಳಿಸಿದ್ದಳು. ಬಿಸಿಲಿಗೆ ತಂಪು, ಮೇಲಾಗಿ ಪಂಪು ಸೋರಿದರೆ ಔಷಧವನ್ನು ಹಸಿ ಬಟ್ಟೆ ಹಿಡಿದುಕೊಳ್ಳುತ್ತದೆ ಎಂದು ಅವಳ ನಂಬಿಕೆ. ಸಂಜೆ ಅವನು ಓಲಾಡುತ್ತ ಬಂದ. ಅವಳು ಮಾತು ಬಿಟ್ಟಳು. ಎರಡನೆಯ ಸಲ ಸಿಟ್ಟಿನಲ್ಲಿ ಟವೆಲು ತೋಯಿಸಲೂ ಇಲ್ಲ, ಅವನು ಹಾಗೇ ಹೋದ. ಅಂದು ಸಂಜೆ ನೆಟ್ಟಗೆ ಬಂದು, ನೆಟ್ಟಗೆ ಕೂತು, ಎರಡು ರೊಟ್ಟಿ ಹೆಚ್ಚಿಗೆ ಉಂಡ. ತನ್ನ ಮೌನಕ್ಕೆ ಗಂಡ ಹಾದಿಗೆ ಬಂದನೆಂದು ಕಸ್ತೂರಿ ಹಿಗ್ಗಿದಳು. ಮೂರನೆಯ ಸಲ ಪ್ರೀತಿ ಉಕ್ಕಿ ಟವೆಲನ್ನು ಎರಡೆರಡು ಸಲ ಅದ್ದಿ ಹೊದಿಸಿದಳು. ಅಂದು ಯಮನಪ್ಪನೇ ಅವನನ್ನು ಹೊತ್ತು ತರಬೇಕಾಯಿತು.

"ನಾ ಕುಡದಿಲ್ಲ, ಖರೇನ ಕುಡದಿಲ್ಲ," ಎಂದು ಮಹಾಂತೇಶ ತೊದಲಿದ.

ಮಾತು ಬಿಟ್ಟರೆ ಸರಿಯಿರುತ್ತಾನೆ, ಪ್ರೀತಿ ಮಾಡಿದರೆ ಕುಡಿಯುತ್ತಾನೆ. ಸಂಶೋಧನೆಯ ಫಲ ಇದಾದರೆ ಅಂಥವನ ಜೊತೆ ಬಾಳುವುದು ಹೇಗೆ? ಬಸುರಿ ತಂಗಿ ಜಯಶ್ರೀಯ ಕುಬಸಕ್ಕೆಂದು ಇಳಕಲ್ಲಿನ ತವರಿಗೆ ಬಂದ ಕಸ್ತೂರಿ, ತಿರುಗಿ ಮರೋಳದ ಬಸ್ಸು ಹತ್ತುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು.

ಕುಬಸದ ಹಿಂದಿನ ಸಂಜೆ ಪಕ್ಕದ ಮನೆಯ ಆಫ್ರೀನ ಬಂದು ಎಲ್ಲರ ಕೈಗೂ ಮೆಹಂದಿ ಹಚ್ಚಿದಳು. ಬೆಳಿಗ್ಗೆ ಎದ್ದು ನೋಡಿದರೆ ಕಸ್ತೂರಿಯ ಎಡ ಅಂಗೈ ಕಡುಗೆಂಪು, ಬಲ ಅಂಗೈ ಬರೀ ಕೇಸರಿ. ಬೇರೆಯವರಾಗಿದ್ದರೆ ಬೇಜಾರು ಮಾಡಿಕೊಂಡು ಸುಮ್ಮನಿರುತ್ತಿದ್ದರು. ಕಸ್ತೂರಿ ಚಹಾದ ಕಪ್ಪು ಹಿಡಿದು ಸೀದಾ ಪಕ್ಕದ ಮನೆಗೆ ಹೋದಳು.

"ಒಂದ ಕೋನಿನ್ಯಾಗ ಎರಡೂ ಕೈಗೆ ಹಚ್ಚೀದಿ ಆಫ್ರೀನ. ಹಿಂಗ್ಯಾಕಾತು?"

"ಬಲಗೈ ಫ್ಯಾನಿನ ಕೆಳಗ ಹಿಡದು ಒಣಗಿಸಿದ್ರಲ್ಲರಿ ಅಕ್ಕಾ. ಎಡಗೈಗೆ ನಾ ಸಕ್ಕರಿ-ಲಿಂಬಿ ನೀರು ತಟ್ಟಿ ತಟ್ಟಿ ಹಸಿ ಇಟ್ಟಿದ್ದೆ. ಒಣಗಿದ್ರ ಬಣ್ಣ ಮ್ಯಾಲೆ ನಿಲ್ಲತೈತಿ. ಹಸಿ ಇದ್ರ ಒಳಗ ಇಳಿತೈತಿ."

"ತೊಗಲಿನ ಒಳಗ?"

"ಮತ್ತ? ಅರಬಿ ಒಗದಾಗ ಬೆರಳು ಬೆಳ್ಳಗ ಉಬ್ಬತಾವಲ್ಲ. ತೊಗಲು ನೀರು ಕುಡದಿರತೈತಿ. ತೊಯ್ದು ಮೆತ್ತಗಾದ ತೊಗಲಿನ್ಯಾಗ ಏನ್ ಹಚ್ಚಿದ್ರೂ ಸಲೀಸ ಇಳಿತೈತಿ."

ಏನ್ ಹಚ್ಚಿದ್ರೂ. ಕಸ್ತೂರಿ ಎರಡೂ ಅಂಗೈಗಳನ್ನು ಜೋಡಿಸಿ ನೋಡಿದಳು. ಒಂದು ಒದ್ದೆ ಇದ್ದದ್ದು, ಒಂದು ಒಣಗಿದ್ದು. ಮೊದಲನೆಯ ಸಲ ಒದ್ದೆ ಟವೆಲು, ಎರಡನೆಯ ಸಲ ಟವೆಲೇ ಇಲ್ಲ, ಮೂರನೆಯ ಸಲ ಎರಡೆರಡು ಸಲ ಅದ್ದಿದ್ದು. ಯಮನಪ್ಪ ಟವೆಲು ಹೊದೆಯುವವನೇ ಅಲ್ಲ. ಇವತ್ತು ನಾಲ್ಕನೆಯ ಸಿಂಪಡಣೆ. ಚಹಾದ ಕಪ್ಪನ್ನು ಆಫ್ರೀನಳ ಕೈಗಿಟ್ಟು ಫೋನು ತೆಗೆದಳು.

"ಎಲ್ಲಿದ್ದೀರಿ?"

"ತೋಟದಾಗ. ಮೂರನೇ ಸಲ ಪಂಪು ತುಂಬಿ ಹೊಡ್ಯಾಕತ್ತೀನಿ." ಹದಿನೈದು ದಿನದ ಮೇಲೆ ಹೆಂಡತಿಯ ದನಿ ಕೇಳಿ ಮಹಾಂತೇಶನಿಗೆ ಖುಷಿಯಾಗಿತ್ತು.

"ಟವೆಲ್ ಹಾಕ್ಕೊಂಡೀರೇನು?"

"ಹೂಂ. ನೀ ಇಲ್ಲಲ್ಲ, ನಾನ ತೋಯಿಸಿಕೊಂಡು ಬಂದೀನಿ. ನೀ ಮಾಡಿದಂಗ."

"ಅದನ್ನ ಈಗಿಂದೀಗ ತಗದ ಒಗೀರಿ. ಅಂಗೀನೂ ತಗೀರಿ. ಸಬಕಾರ ಹಚ್ಚಿ ಮೈ ತೊಳಕೊಂಡು ಯಮನಪ್ಪಣ್ಣನ ಗಾಡಿ ಮ್ಯಾಲೆ ಹುನಗುಂದದ ದವಾಖಾನಿಗೆ ಬರ್ರಿ. ಯಾಕಂತ ಕೇಳಬ್ಯಾಡ್ರಿ."

ಜೀವನದಲ್ಲಿ ಮೊದಲ ಬಾರಿಗೆ ಕಸ್ತೂರಿಯ ಬಾಯಿಂದ 'ಯಾಕಂತ ಕೇಳಬ್ಯಾಡ್ರಿ' ಎಂಬ ಮಾತು ಬಂದಿತ್ತು. ಅದಕ್ಕೇ ಹೆದರಿ ಅವನು ಹೇಳಿದಷ್ಟೂ ಮಾಡಿದ. ಅವಳು ತಂಗಿಗೆ ಉಡಿ ತುಂಬುವುದನ್ನೂ ಬಿಟ್ಟು ಹುನಗುಂದದ ಬಸ್ಸು ಹತ್ತಿದಳು.

ದವಾಖಾನೆಯಲ್ಲಿ ಡಾಕ್ಟರಮ್ಮ ಅವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಕಣ್ಣಿನ ಕರಿಗೊಂಬೆ ಕುಗ್ಗಿ ಸಾಸಿವೆಯಷ್ಟಾಗಿತ್ತು. ಕುಡಿತದಿಂದ ಹೀಗಾಗುವುದಿಲ್ಲ, ಇದು ಕೀಟನಾಶಕದ ಕೆಲಸ ಎಂದು ಹೇಳಿ ಸಲೈನ್ ಹಚ್ಚಿಸಿದರು. ಕಸ್ತೂರಿ ಅಂಗೈ ತೋರಿಸಿ ಟವೆಲಿನ ಸಂಗತಿ ಬಿಡಿಸಿ ಹೇಳಿದಾಗ, ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು.

"ಬರೋಬ್ಬರಿ ಹಿಡದೀಯವಾ. ಹಸಿ ಟವೆಲ್ ಔಷಧಾ ಹಿಡಕೊಂಡು ಬೆನ್ನಿಗೇ ಅಂಟಿಸಿ ಇಟ್ಟಿತ್ತು. ತೊಗಲು ನೆಂದು ದಾರಿ ಬಿಟ್ಟುಕೊಟ್ಟೈತಿ. ಬೆವರಿನ ಅಂಗಿನೂ ಹಂಗ. ಇನ್ನ ಒಣಾ ಅಂಗಿ, ಸೋರದ ಪಂಪು. ತೊಯ್ದ ಕೂಡ್ಲೇ ತಗದ ಮೈ ತೊಳಕೋಬೇಕು."

ಅವರು ಹೋದ ಮೇಲೆ ಮಹಾಂತೇಶ ಮಂಚದ ಮೇಲಿಂದಲೇ ಹೆಂಡತಿಯ ಕಡೆ ತಿರುಗಿದ. ಸಿಟ್ಟು ಮಾಡಲು ಅವನಿಗೆ ಹಕ್ಕಿತ್ತು, ಆದರೆ ಮಾಡಲಿಲ್ಲ.

"ಈಗರ ನಂಬ್ತಿಯೇನು? ನಾ ಕುಡದಿಲ್ಲಂತ?"

ಕಸ್ತೂರಿಯ ಕಣ್ಣು ತುಂಬಿ ಬಂದಿತು. ಇಷ್ಟು ದಿನ ಊರ ಮುಂದೆ ಅವನನ್ನು ಕುಡುಕ ಮಾಡಿದ್ದಳು, ಮುಂಜಾನೆ ಎದ್ದು ತನ್ನ ಕೈಯಾರೆ ಬಕೀಟಿನಲ್ಲಿ ಟವೆಲು ಅದ್ದಿದ್ದಳು.

"ನೀವು ಕುಡದಿಲ್ರಿ," ಎಂದಳು. "ನಿಮ್ಮ ತೊಗಲು ಕುಡದೈತಿ. ಕುಡಿಸಿದಾಕಿ ನಾ."

ಮಹಾಂತೇಶ ಸೂಜಿಯಿಲ್ಲದ ಕೈ ಚಾಚಿ ಅವಳ ಕೆಂಪು ಅಂಗೈ ಹಿಡಿದುಕೊಂಡ. ಮರುದಿನ ಸಂಜೆ ಇಬ್ಬರೂ ಮರೋಳದ ಬಸ್ಸು ಹತ್ತಿದರು.